ಬದಿಯಡ್ಕದ ಒತ್ತು

ಕುಂಬಳೆ ಪೇಟೆಯಲ್ಲಿ, ಮೆಡಿಕಲ್ಲಿನ ಮೇಲಿನ ಮಾಳಿಗೆಯಲ್ಲಿ
ಹಗಲೆಲ್ಲ ನಾನು ಹಲ್ಲು ಮಾಡುವವನು.
ಬಾಯಿ ಕಂಡದ್ದಿಲ್ಲ. ಡಾಕ್ಟರರು ಕಳಿಸುವ
ಪ್ಲಾಸ್ಟರಿನ ಅಚ್ಚು ಮಾತ್ರ, ಜೊತೆಗೊಂದು ಚೀಟಿ:
ಹೆಸರು, ವಯಸ್ಸು, ಬಿಳುಪಿನ ನಂಬರು.
ಬಿಳಿಯಲ್ಲಿ ಹದಿನಾರು ಬಗೆ ಉಂಟು ಮಾರಾಯ್ರೇ,
ಹಾಲಿನಂಥದ್ದು ಯಾರ ಬಾಯಲ್ಲೂ ಇಲ್ಲ.

ಏಳೂವರೆಗೆ ಶಟರು ಅರ್ಧ ಎಳೆದು
ಅದೇ ಮೇಜು, ಅದೇ ದೀಪ, ಅದೇ ಚಿಮುಟ,
ಇಟ್ಟಿಗೆ ತೆಗೆಯುತ್ತೇನೆ.
ಆಟದ್ದು, ಪ್ಲಾಸ್ಟಿಕ್ಕಿನದು. ಒಂದರ ತಲೆಯ ಗುಬುಟು
ಇನ್ನೊಂದರ ಹೊಟ್ಟೆಯೊಳಗೆ ಟಿಕ್ಕೆಂದು ಕೂರುವಂಥದು.
ಕೂದಲೆಳೆ ಹೆಚ್ಚಾದರೆ ಹತ್ತದು, ಕಡಿಮೆಯಾದರೆ ನಿಲ್ಲದು;
ಹಲ್ಲಿನ ಟೊಪ್ಪಿಗೂ ಇದೇ ನ್ಯಾಯ.
ಮಂಗಳೂರಿನ ಅಂಗಡಿಯವ ಕೇಳಿದ್ದ, ಮಗುವಿಗೆಷ್ಟು ವರ್ಷ?
ನಲವತ್ತೇಳು, ಎಂದೆ.
ಅವ ಪೆಟ್ಟಿಗೆ ತಿರುಗಿಸಿ ವಯಸ್ಸಿನ ಅಂಕೆ ನೋಡಿದ.
ತೊಂಬತ್ತೊಂಬತ್ತರವರೆಗೆ ಉಂಟು.
"ಹಾಗಾದರೆ ತೊಂದರೆಯಿಲ್ಲ" ಎಂದ.

ಈಗ ಕಟ್ಟುತ್ತಿರುವುದು ಒಂದು ಬಸ್ಸು.
ಮೊದಲು ಕಂಪ್ಯೂಟರಿನಲ್ಲಿ. ಅಲ್ಲಿ ಇಟ್ಟಿಗೆಗೆ ದುಡ್ಡಿಲ್ಲ, ತೂಕವಿಲ್ಲ,
ಚಕ್ರಕ್ಕೆ ಮುಂಚೆ ಛಾವಣಿ ಹಾಕಿದರೂ ಗಾಳಿಯಲ್ಲಿ ನಿಲ್ಲುತ್ತದೆ,
ಬೇಡವೆಂದರೆ ಒಂದು ಗುಂಡಿ, ಆದದ್ದು ಆಗಿಲ್ಲ.
ಎಂಟುನೂರ ಹನ್ನೆರಡು ತುಂಡು. ಹಸಿರು ಮೈ, ಹಳದಿ ಕಿಟಕಿಸರಳು,
ಹಿಂದಿನ ಮೆಟ್ಟಿಲಲ್ಲಿ ಜೋತುಬಿದ್ದ ಒಬ್ಬ ಕ್ಲೀನರು.
ಎಲ್ಲ ಸರಿ, ಹಣೆಯ ಬೋರ್ಡು ಮಾತ್ರ ಆಗುವುದಿಲ್ಲ.
ಮೇಲಿನ ಸಾಲು ಮಲಯಾಳ, ಕೆಳಗೆ ನಮ್ಮದು, ಬದಿಯಡ್ಕ ಎಂದು.
ಇಟ್ಟಿಗೆ ಚೌಕ. ನಮ್ಮ ಅಕ್ಷರವೋ
ಒತ್ತುಶ್ಯಾವಿಗೆ ತಟ್ಟೆಗೆ ಬಿದ್ದ ಹಾಗೆ.
ಬ, ದಿ, ಯ: ಮೆಟ್ಟಿಲು ಮೆಟ್ಟಿಲಾಗಿ ಹೇಗೋ ಬಾಗಿದವು.
ಡಕ್ಕೆ ಕ ಒತ್ತು ಕೊಟ್ಟರೆ ಬೋರ್ಡು ದಾಟಿ ಗಾಜಿಗೆ ಇಳಿಯುತ್ತದೆ,
ಡ್ರೈವರನ ಕಣ್ಣಿಗೆ ಅಡ್ಡ.
ಮಲಯಾಳವನ್ನು ತುಸು ಮೇಲೆ ತಳ್ಳಿದರೆ
ಅದರ ತಲೆ ಛಾವಣಿಗೆ ಬಡಿಯುತ್ತದೆ.
ಮೂರು ರಾತ್ರಿ ಇಬ್ಬರನ್ನೂ ಒಂದು ಗೆರೆ ಆಚೆ, ಒಂದು ಗೆರೆ ಈಚೆ.
ಜಾಗವೇ ಇಷ್ಟು. ಯಾರದೂ ತಪ್ಪಲ್ಲ.

ತುಂಡು ಬೇಕಲ್ಲ. ಮೊಗ್ರಾಲಿನ ಬೀಪಾತುಮ್ಮ
ಮಕ್ಕಳ ಹಳೆಯ ಡಬ್ಬಿ ಕೊಟ್ಟರು, ಶಾರ್ಜಾದಿಂದ ಬಂದದ್ದು,
ಮೀನಿನ ತಕ್ಕಡಿಯಲ್ಲಿ ತೂಗಿ: ಮೂರು ಕಿಲೋ ಇನ್ನೂರು ಗ್ರಾಂ.
ಬಿಳಿಯವೆಲ್ಲ ಹಳದಿ, ಬೀಡಿ ಸೇದಿದ ಹಲ್ಲಿನಂತೆ.
ಹಲ್ಲು ಬೆಳ್ಳಗೆ ಮಾಡುವ ಮದ್ದನ್ನೇ ನೀರಿಗೆ ಬೆರೆಸಿ
ಟೆರೇಸಿನ ಬಿಸಿಲಿಗಿಟ್ಟೆ;
ಸಂಜೆಗೆ ನಾಲ್ಕು ನಂಬರು ಮೇಲೆ ಬಂದವು.

ಅದರಲ್ಲೇ ಸಿಕ್ಕಿದ್ದು: ಒಂದು ಚಪ್ಪಟೆ ತುಂಡು,
ಅಂಚಿನಲ್ಲಿ ಕಚ್ಚಿದ ಗುರುತು.
ಕಂಪ್ಯೂಟರಿನ ಪಟ್ಟಿಯಲ್ಲಿ ಎಷ್ಟೋ ಸಾವಿರ ಬಗೆ ಉಂಟು,
ಕಚ್ಚಿದ್ದು ಒಂದೂ ಇಲ್ಲ.
ದೀಪದಡಿ ಹಿಡಿದೆ. ಮಗುವಿನದಲ್ಲ.
ಹಾಲುಹಲ್ಲು ಇಷ್ಟು ಅಗಲ ಇರುವುದಿಲ್ಲ. ಮೇಲಿನ ಎರಡು ಬಾಚಿಹಲ್ಲು,
ನಡುವೆ ಅಕ್ಕಿಕಾಳಿನಷ್ಟು ಸಂದು, ಒಂದು ತುಸು ತಿರುಚಿದೆ.

ಫೋನು ಮಾಡಿದೆ. ಬೀಪಾತುಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅದು ಮಕ್ಕಳ ಅಪ್ಪಂದು.
ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಮಕ್ಕಳು ಮಲಗಿದ ಮೇಲೆ
ಚಾಪೆಯಲ್ಲಿ ಕೂತು ಎಂತದೋ ಕಟ್ಟುವುದು, ಬಿಚ್ಚುವುದು.
ಹಲ್ಲಲ್ಲಿ ಬಿಡಿಸಬೇಡಿ ಅಂತ ಎಷ್ಟು ಹೇಳಿದ್ದೇನೆ."
ಹಿಂದಿನಿಂದ ಗಂಡಸಿನ ದನಿ, ಯಾರದು ಫೋನು ಎಂದು.
"ಹಲ್ಲಿನವರು" ಎಂದರು, ಇಟ್ಟರು.

ಆ ತುಂಡನ್ನು ಡಕ್ಕೆ ಒತ್ತಾಗಿ ಇಟ್ಟು ನೋಡಿದೆ;
ಚಕ್ರ ಬಿಟ್ಟರೆ ಇಡೀ ಬಸ್ಸಿನಲ್ಲಿ ದುಂಡಗಿರುವುದು ಆ ಕಚ್ಚೊಂದೇ.
ದೂರದಿಂದ ಕ ಅನಿಸಿತು. ಹತ್ತಿರ ಬಂದರೆ ಏನೂ ಅಲ್ಲ.
ಹಿಂದಿನ ಮೆಟ್ಟಿಲಿಗೆ ಹಾಕೋಣ, ಕ್ಲೀನರನ ಕಾಲಡಿಗೆ,
ಎಂದು ತೆಗೆಯಹೋದರೆ ಕೂತುಬಿಟ್ಟಿದೆ.
ಉಗುರು ಹೋಗುವುದಿಲ್ಲ. ಚಿಮುಟ ಜಾರುತ್ತದೆ.
ಶಟರು ಅರ್ಧ ಇಳಿದೇ ಇತ್ತು.
ಆದರೂ ಒಮ್ಮೆ ಬಾಗಿಲ ಕಡೆ ನೋಡಿದೆ.